ಬೆಡಿಯ ರಾತ್ರಿ ತೋಟದ ಕಣಿಯಲ್ಲಿ ಕೂತವರು

ಪ್ರಶ್ನೆ: ನಮ್ಮದು ಕುಂಬಳೆ ಹತ್ತಿರ. ನಮ್ಮ ಯಜಮಾನರು 17 ವರ್ಷ ಮಿಲಿಟರಿಯಲ್ಲಿದ್ದು, ಎರಡು ಸಲ ಕಾಶ್ಮೀರದಲ್ಲೂ ಇದ್ದು, ಪೆನ್ಶನ್ ಆಗಿ ಬಂದಿದ್ದಾರೆ. ಜನವರಿಯಲ್ಲಿ ಕುಂಬಳೆ ಬೆಡಿಯ (ದೇವಸ್ಥಾನದ ಜಾತ್ರೆಯ ಸುಡುಮದ್ದಿನ) ಸದ್ದು ಶುರುವಾದದ್ದೇ, ಎದ್ದು ಹೋಗಿ ಅಡಿಕೆ ತೋಟದ ನೀರು ಹೋಗುವ ಕಣಿಯಲ್ಲಿ ಕೂತರು. ರಾತ್ರಿ ಮೂರು ಮೂರು ಸಲ ಚಿಲಕ ನೋಡುತ್ತಾರೆ. ಕ್ಯಾಂಟೀನಿನ ರಮ್ ಹೆಚ್ಚಾಗಿದೆ. ಅತ್ತೆ ‘ಜೋಯಿಸರಲ್ಲಿ ಪ್ರಶ್ನೆ ಇಡಿಸುವ’ ಎನ್ನುತ್ತಾರೆ. ಹೇಳಲು ನಾಚಿಕೆ, ಅವರಿಲ್ಲದಾಗಲೇ ಮನೆ ಸಲೀಸಾಗಿತ್ತು ಅನಿಸುತ್ತದೆ.

ಉತ್ತರ: ನಾಚಿಕೆಯ ಮಾತಿನಿಂದಲೇ ಶುರುಮಾಡುತ್ತೇನೆ. 17 ವರ್ಷ ತೋಟ, ಬ್ಯಾಂಕು, ಮಕ್ಕಳ ಜ್ವರ, ಅತ್ತೆಯ ಔಷಧಿ ಎಲ್ಲ ನಿಮ್ಮ ತಲೆ ಮೇಲಿತ್ತು. ಮಧ್ಯರಾತ್ರಿ ಫೋನು ಹೊಡೆದರೆ ಎದೆ ಧಸಕ್ಕೆನ್ನುವ ಬದುಕೂ ಅದರ ಜೊತೆಗಿತ್ತು. ಈಗ ಪ್ರತಿ ಲೆಕ್ಕಕ್ಕೂ ಇನ್ನೊಬ್ಬರು ಬಂದು ಕೂತಾಗ ಸಿಟ್ಟು ಬರದಿದ್ದರೇ ಆಶ್ಚರ್ಯ. ಪ್ರೀತಿ ಇಲ್ಲ ಎಂದು ಇದರರ್ಥವಲ್ಲ. ಯಾವ ಕೆಲಸ ಯಾರದ್ದು ಎಂದು ಬಾಯಿಬಿಟ್ಟು ಹಂಚಿಕೊಳ್ಳಿ, ಅವರಾಗಿ ತಿಳಿದುಕೊಳ್ಳಲಿ ಎಂದು ಕಾಯಬೇಡಿ.

ಯಜಮಾನರದ್ದು ದೆವ್ವದ ಸೋಂಕಲ್ಲ, ಪುಕ್ಕಲುತನವಂತೂ ಅಲ್ಲವೇ ಅಲ್ಲ. ಸದ್ದು ಕೇಳಿದ ಕೂಡಲೇ ತಗ್ಗಿನಲ್ಲಿ ಅಡಗುವುದು ಅಲ್ಲಿ ಜೀವ ಉಳಿಸುವ ವಿದ್ಯೆ. ಮೈ ಇನ್ನೂ ಡ್ಯೂಟಿಯಲ್ಲೇ ಇದೆ, ಅಷ್ಟೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ಶೆಲ್ ಶಾಕ್ ಎನ್ನುತ್ತಿದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮನಸ್ಸಿನ ತೊಂದರೆ) ಎಂಬ ಹೆಸರಿನಲ್ಲಿ ಸೇರಿತು. ಕೆಟ್ಟ ಕನಸು, ಬೆಚ್ಚುವುದು, ನೆನಪು ತರುವ ಜಾಗಗಳನ್ನು ತಪ್ಪಿಸುವುದು ಒಂದು ತಿಂಗಳು ಮೀರಿಯೂ ಉಳಿದು ಬದುಕನ್ನು ಕೆಡಿಸಿದರೆ ಅದನ್ನು ಯೋಚಿಸುತ್ತೇವೆ. ನೋಡದೆ ಹೆಸರಿಡಲಾರೆ, ಆದರೆ ನೀವು ಬರೆದದ್ದು ಆ ಕಡೆಗೇ ಬೆರಳು ತೋರಿಸುತ್ತದೆ.

ಅತ್ತೆಯವರಿಗೆ ಸಮಾಧಾನವಾಗುವುದಾದರೆ ಪ್ರಶ್ನೆ ಇಡಿಸಲಿ, ನನ್ನ ತಕರಾರಿಲ್ಲ. ಮನೋವೈದ್ಯರ ಬಳಿ ಹೋಗುವುದು ಮಾತ್ರ ಅದಕ್ಕಾಗಿ ಮುಂದೆ ಹೋಗಬಾರದು. ಇದಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಿಸಬೇಡಿ. ರಮ್ ನಿದ್ದೆ ತರುತ್ತದೆ, ಬೆಳಗಿನ ಜಾವ ಅದೇ ನಿದ್ದೆ ಕೆಡಿಸುತ್ತದೆ. ದಿನಾ ಕುಡಿಯುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ, ಡಾಕ್ಟರರಿಗೆ ಹೇಳಿಯೇ ಇಳಿಸಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡಿನಲ್ಲಿ ನಿಮ್ಮ ಹೆಸರಿದ್ದರೆ ನೀವೂ ತೋರಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಯಜಮಾನರಲ್ಲಿ ಒಂದು ಪ್ರಶ್ನೆಯನ್ನು ನೇರ ಕೇಳಿಬಿಡಿ: ‘ಬದುಕು ಸಾಕು ಅನಿಸಿದ್ದುಂಟಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಬ್ಬರೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ತೋಟದ ಕೋವಿ ಇದ್ದರೆ ಸದ್ಯಕ್ಕೆ ಅವರ ಕೈಗೆ ಸಿಗದಂತೆ ಮಾಡಿ.

ಕನಸಿನಲ್ಲಿ ಕೂಗಿದರೆ ಮುಟ್ಟಿ ಅಲುಗಿಸಬೇಡಿ, ದೀಪ ಹಾಕಿ ಬಾಗಿಲಿನಿಂದಲೇ ಕರೆಯಿರಿ. ಮುಂದಿನ ಬೆಡಿಗೆ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಎಂದು ಮೊದಲೇ ತಿಳಿಸಿ. ಹಂದಿ ಓಡಿಸಲು ಪಟಾಕಿ ಹೊಡೆಯುವ ನೆರೆಯವರಿಗೂ ‘ಒಂದು ಮಾತು ಹೇಳಿ ಹೊಡೆಯಿರಿ’ ಎನ್ನಿ. ಆದರೂ ಕಣಿಗೆ ಹೋದರೆ, ದೂರದಿಂದ ‘ನಾನು ಬಂದೆ’ ಎಂದು ಹೇಳಿ, ಆಮೇಲೆ ಹತ್ತಿರ ಹೋಗಿ.