ದಿನಾ ರಾತ್ರಿ ತಟ್ಟೆ ತೋರಿಸುತ್ತಿದ್ದ ಹುಡುಗ

ಇದನ್ನು ಬರೆಯಲು ಕಾರಣ, ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತಿರುವುದು. ಉಡುಪಿ, ಮಣಿಪಾಲದ ಕಡೆಯಿಂದ ಜರ್ಮನಿಗೋ ಐರ್ಲೆಂಡಿಗೋ ಹೋದ ಮಕ್ಕಳು ರಜೆಗೆ ಊರಿಗೆ ಬಂದಾಗ ಅಪ್ಪ ಅಮ್ಮ, ಮನಸ್ಸಿನ ವಿಷಯಕ್ಕೆ ಸಲಹೆ ಕೊಡುವ ನನ್ನ ಹತ್ತಿರ ಕರೆದುಕೊಂಡು ಬರುತ್ತಾರೆ. ದೂರು ಹೆಚ್ಚು ಕಡಿಮೆ ಒಂದೇ. 'ಸಪೂರ ಆಗಿದ್ದಾನೆ, ಸರಿಯಾಗಿ ಮಾತೇ ಆಡುವುದಿಲ್ಲ. ಅಲ್ಲಿ ನಮ್ಮವರಿಗೆ ತಿನ್ಲಿಕ್ಕೆ ಎಂತದೂ ಸಿಗುವುದಿಲ್ಲ ಕಾಣ್ತದೆ.' ಕೊನೆಯ ಮಾತನ್ನು ನಾನು ಈಗ ನಂಬುವುದಿಲ್ಲ. ತಿನ್ನಲು ಸಿಗುತ್ತದೆ. ತೊಂದರೆ ಬೇರೆ ಕಡೆ ಇರುತ್ತದೆ.

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗನ ಒಪ್ಪಿಗೆ ಇದೆ. ವಯಸ್ಸು 27ರ ಆಸುಪಾಸು. ಏಕಾದಶಿ, ಚಾತುರ್ಮಾಸ್ಯ ಬಿಡದೆ ಮಾಡುವ ಮನೆ. ಎಂಜಿನಿಯರಿಂಗ್ ಮುಗಿಸಿ ಜರ್ಮನಿಯ ದಕ್ಷಿಣದ ಒಂದು ಊರಿಗೆ ಓದಲು ಹೋಗಿ, ಅಲ್ಲೇ ಕೆಲಸಕ್ಕೆ ಸೇರಿದವನು. ಇಷ್ಟು ಸಾಕು.

ಮೊದಲ ಭೇಟಿಯಲ್ಲಿ ಅಮ್ಮನೇ ಮಾತಾಡಿದರು. ಅವನು ಕಿಟಕಿ ನೋಡುತ್ತಾ ಕೂತಿದ್ದ. ನಾನು ಅವನನ್ನು ಫಿಸಿಶಿಯನ್ ಹತ್ತಿರ ಕಳಿಸಿ ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಅಮ್ಮನಿಗೆ ಇದು ಹಿಡಿಸಲಿಲ್ಲ. ಮನಸ್ಸಿನ ವಿಷಯಕ್ಕೆ ಬಂದರೆ ರಕ್ತ ಯಾಕೆ ಅಂತ. ಆದರೆ ವಿಟಮಿನ್ ಬಿ12 ಕಡಿಮೆಯಾದರೆ ಸುಸ್ತು, ಮಂಕು, ಕೈಕಾಲು ಜೋಮು ಎಲ್ಲ ಬರುತ್ತದೆ. ಸಸ್ಯಾಹಾರಿಗಳಿಗೆ ಅದು ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ಅದೂ ಕಡಿಮೆಯಾದರೆ ಕಷ್ಟ. ಇನ್ನು ಜರ್ಮನಿಯಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬಿಸಿಲಿಗೆ ನಿಂತರೂ ಡಿ ವಿಟಮಿನ್ ಆಗುವಷ್ಟು ಬಿಸಿಲು ಇರುವುದಿಲ್ಲ. ವರದಿ ಬಂತು, ಎರಡೂ ಕಡಿಮೆ. ಡಾಕ್ಟರು ಔಷಧ ಶುರು ಮಾಡಿದರು. ಎಷ್ಟು ಸುಸ್ತು ರಕ್ತದ್ದು, ಎಷ್ಟು ಮನಸ್ಸಿನದ್ದು ಅಂತ ಗೊತ್ತಾಗದೆ ಸಲಹೆ ಕೊಡಲು ನನಗೆ ಇಷ್ಟವಿಲ್ಲ.

ಮುಂದಿನ ಸಲ ಒಬ್ಬನೇ ಬಂದ. ಅಲ್ಲಿ ಏನು ತಿನ್ನುತ್ತೀರಿ ಅಂತ ಕೇಳಿದೆ. ಬ್ರೆಡ್, ಬಾಳೆಹಣ್ಣು, ನೆಲಗಡಲೆ. ಮುಂಚಿನಿಂದಲೂ ಹೀಗಾ? ಅಲ್ಲ. ಮುಂಚೆ ಆಫೀಸಿನ ಕ್ಯಾಂಟೀನಿನಲ್ಲೇ ಆರಾಮವಾಗಿ ಊಟ ಮಾಡುತ್ತಿದ್ದ. ಅವನಿಗೆ ತುಂಬಾ ಇಷ್ಟವಾದದ್ದು ಆಲೂಗಡ್ಡೆ ಸಲಾಡ್. ಅವನಿದ್ದದ್ದು ಸ್ವಾಬಿಯಾ ಅನ್ನುವ ಸೀಮೆ. ಜರ್ಮನಿಯ ಉತ್ತರದ ಕಡೆಯವರು ಈ ಸಲಾಡಿಗೆ ಮಯೋನೀಸ್ ಹಾಕುತ್ತಾರೆ. ಸ್ವಾಬಿಯಾದವರು ಬೇಯಿಸಿದ ಆಲೂಗಡ್ಡೆಯನ್ನು ತೆಳುವಾಗಿ ಹೆಚ್ಚಿ, ಈರುಳ್ಳಿ, ವಿನೆಗರ್, ಸಾಸಿವೆ, ಎಣ್ಣೆ ಹಾಕಿ ಮೇಲೆ ಬಿಸಿ ಸಾರು ಹೊಯ್ಯುತ್ತಾರೆ. ಸಾಮಾನ್ಯವಾಗಿ ಅದು ಮಾಂಸ ಬೇಯಿಸಿದ ಸಾರು. ನೋಡಿದರೆ ಗೊತ್ತಾಗುವುದಿಲ್ಲ. ವರ್ಷದ ಮೇಲೆ ತಿಂದಿದ್ದ. ಒಂದು ದಿನ ಪಕ್ಕದಲ್ಲಿ ಕೂತವನು, ಅವನೂ ಸಸ್ಯಾಹಾರಿಯೇ, ಒಳ್ಳೆಯ ಮನಸ್ಸಿನಿಂದ ಹೇಳಿದ: ಇದಕ್ಕೆ ದನದ ಸಾರು ಹಾಕಿರ್ತಾರೆ, ಗೊತ್ತುಂಟಲ್ಲ? ಹುಡುಗ ನಕ್ಕು ತಲೆ ಆಡಿಸಿ ಎದ್ದು ಹೋಗಿ ವಾಂತಿ ಮಾಡಿಕೊಂಡ.

ಇಲ್ಲಿ ಒಂದು ವಿಷಯ ಓದುಗರಿಗೆ ಹೇಳಬೇಕು. ನಮ್ಮ ಮಕ್ಕಳು ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ಬೆಳೆದವರು. ನಮ್ಮಲ್ಲಿ ಅದು ಕಾನೂನು. ಯುರೋಪಿನಲ್ಲಿ ಅಂಥ ಕಡ್ಡಾಯ ಗುರುತಿಲ್ಲ. ಕಂಪನಿಗೆ ಬೇಕಿದ್ದರೆ ವಿ-ಲೇಬಲ್ ಹಾಕುತ್ತದೆ, ಇಲ್ಲದಿದ್ದರೆ ಇಲ್ಲ. ಪೊಟ್ಟಣದ ಹಿಂದೆ ಏನೇನು ಹಾಕಿದೆ ಅಂತ ಪಟ್ಟಿಯಾದರೂ ಇರುತ್ತದೆ. ಕ್ಯಾಂಟೀನಿನಲ್ಲಿ ಅದೂ ಕಡ್ಡಾಯವಲ್ಲ. ಅಲ್ಲಿ ಕಡ್ಡಾಯ ಇರುವುದು ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿ. ಅದರಲ್ಲಿ ಹಾಲು, ಮೊಟ್ಟೆ, ಮೀನು, ಎಳ್ಳು, ಸಾಸಿವೆ ಎಲ್ಲ ಬರುತ್ತದೆ. ಮಾಂಸ ಬರುವುದಿಲ್ಲ. ಆ ಸಲಾಡಿನ ಮುಂದಿದ್ದ ಚೀಟಿಯಲ್ಲಿ ಸಾಸಿವೆ ಇದೆ ಅಂತ ಬರೆದಿತ್ತಂತೆ.

ಆಮೇಲೆ ಅವನು ಓದಲು ಶುರು ಮಾಡಿದ. ಜೆಲ್ಲಿ ಮಿಠಾಯಿಯಲ್ಲಿ ಹಂದಿ ಚರ್ಮದ ಜೆಲಾಟಿನ್. ಇಟಲಿಯ ಪರ್ಮೇಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ವಸ್ತು. ನಮ್ಮ ತೊವ್ವೆಯ ಹಾಗೆ ಕಾಣುವ ಬೇಳೆಯಲ್ಲಿ ಹಂದಿಕೊಬ್ಬಿನ ಚೂರು. ಎಲ್ಲ ನಿಜವೇ. ಆದರೆ ನಿನ್ನೆ ಕೊಂಡ ಅದೇ ಬ್ರೆಡ್ಡಿನ ಪಟ್ಟಿಯನ್ನು ಇವತ್ತು ಮತ್ತೆ ಓದುವುದು, ಮನೆಗೆ ಬಂದ ಮೇಲೆ ಇನ್ನೊಮ್ಮೆ ಓದುವುದು, ಯಾರು ಕರೆದರೂ ಊಟಕ್ಕೆ ಹೋಗದೆ ಇರುವುದು, ಇದು ಸಸ್ಯಾಹಾರ ಅಲ್ಲ. ಆತಂಕ.

ಮೂರನೇ ಭೇಟಿಯಲ್ಲಿ ಅವನು ಕೂತ ಕೂಡಲೇ ಕೇಳಿದ.

'ಮೇಡಂ, ಗೊತ್ತಿಲ್ಲದೆ ತಿಂದದ್ದು ಲೆಕ್ಕಕ್ಕೆ ಬರ್ತದಾ?'

'ಇಲ್ಲ' ಅಂದುಬಿಡುವುದು ಸುಲಭ. ಹೆಚ್ಚಿನವರು ಅದನ್ನೇ ಹೇಳುತ್ತಾರೆ, ಹೇಳಿ ಬೆನ್ನು ತಟ್ಟುತ್ತಾರೆ. ನಾನು ಹೇಳಲಿಲ್ಲ. ಆತಂಕ ಇರುವವರಿಗೆ ಸಮಾಧಾನದ ಮಾತು ಒಂದು ರಾತ್ರಿ ಬಾಳುತ್ತದೆ, ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ. ಮೇಲಾಗಿ ಪಾಪ ಪುಣ್ಯ ಹೇಳಲು ನಾನು ಪುರೋಹಿತಳಲ್ಲ. 'ಯಾರ ಲೆಕ್ಕಕ್ಕೆ?' ಅಂತ ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಫೋನು ತೆಗೆದು ನನ್ನ ಮುಂದೆ ಹಿಡಿದ. ತಟ್ಟೆಗಳ ಫೋಟೋ. ಅನ್ನ ಸಾರು, ಪಲ್ಯ, ಮಜ್ಜಿಗೆ ಹುಳಿ, ದೋಸೆ. ಬೆರಳಲ್ಲಿ ಸರಿಸಿದಷ್ಟೂ ತಟ್ಟೆ. ದಿನಾ ರಾತ್ರಿ 'ಎಂತ ಊಟ ಮಾಣಿ, ತೋರ್ಸು' ಅಂತ ಅಮ್ಮ ಕೇಳುತ್ತಾರೆ, ಇವನು ಕಳಿಸುತ್ತಾನೆ.

'ಇದರಲ್ಲಿ ಸುಮಾರು ಹಳೇ ಫೋಟೋ ಮೇಡಂ. ಅಡುಗೆ ಮಾಡದ ದಿನ ಹಿಂದಿನದ್ದನ್ನೇ ಕಳಿಸ್ತೇನೆ. ಬ್ರೆಡ್ ತಿಂದೆ ಅಂದ್ರೆ ಅಮ್ಮ ಅಳ್ತಾರೆ.'

'ಅಮ್ಮನಿಗೆ ಗೊತ್ತಾಗ್ಲಿಲ್ವಾ?'

'ಒಂದ್ಸಲ ಕೇಳಿದ್ರು, ನಿನ್ನೆಯೂ ಇದೇ ಸೌತೆಕಾಯಿ ಹುಳಿ ಅಲ್ವಾ ಅಂತ. ಮಿಕ್ಕಿದ್ದು ಅಂದೆ.' ನಕ್ಕ. ಆ ಕೋಣೆಯಲ್ಲಿ ಅವನು ನಕ್ಕದ್ದು ಅದೇ ಮೊದಲು. ಮತ್ತೆ ಹೇಳಿದ, 'ಅಲ್ಲಿ ಊಟಕ್ಕೆ ಕೂತ್ರೆ ನಾನೇ ವಿಷಯ. ಯಾಕೆ ತಿನ್ನುವುದಿಲ್ಲ, ಪ್ರೋಟೀನಿಗೆ ಎಂತ ಮಾಡ್ತೀ, ಕೋಳಿಯೂ ಬೇಡ್ವಾ. ಇಲ್ಲಿ ಫೋನಲ್ಲೂ ನಾನೇ ವಿಷಯ. ಸುಮ್ನೆ ಕೂತು ತಿಂದು ಎಷ್ಟು ಸಮಯ ಆಯ್ತೋ ಏನೋ. ಹಸಿವೆಗಿಂತ ಉತ್ತರ ಕೊಡ್ಲಿಕ್ಕೇ ಜಾಸ್ತಿ ಸುಸ್ತು ಮೇಡಂ.'

ನನ್ನ ಸಲಹೆ ಹುಟ್ಟಿದ್ದು ಈ ಮಾತಿನಿಂದ.

ಸಸ್ಯಾಹಾರಿಯಾಗಿ ಬಾಳುವುದು ಇವನಿಗೇನೂ ಹೊಸದಲ್ಲ. ಮಲ್ಪೆ ಬಂದರಿನ ಪಕ್ಕದ ಊರು ನಮ್ಮದು. ಸುತ್ತಮುತ್ತ ಬಂಗುಡೆ, ಬೂತಾಯಿ, ಅಂಜಲ್. ಕರಾವಳಿಯಲ್ಲಿ ಮೀನು ತಿನ್ನದವರೇ ಕಡಿಮೆ. ಆದರೂ ಇಲ್ಲಿ ಅವನಿಗೆ 'ಯಾಕೆ ತಿನ್ನುವುದಿಲ್ಲ' ಅಂತ ಯಾರೂ ಕೇಳಿರಲಿಲ್ಲ. ಇಲ್ಲಿ ಉತ್ತರ ಕೊಡಬೇಕಾದವರು ಬೇರೆಯವರು. ಬಾಡಿಗೆ ಮನೆ ಹುಡುಕಿಕೊಂಡು ಹೋದ ಮೀನು ತಿನ್ನುವವರನ್ನು ಕೇಳಿ ನೋಡಿ. ಇದನ್ನು ಅವನಿಗೂ ಹೇಳಿದೆ. ಸ್ವಲ್ಪ ಕೆಂಪಾದ, ಆದರೆ ಒಪ್ಪಿಕೊಂಡ. ಪ್ರಶ್ನೆ ಕೇಳುವವರೆಲ್ಲ ವೈರಿಗಳಲ್ಲ ಅಂತ ಗೊತ್ತಾಗಲು ಇದು ಬೇಕಿತ್ತು.

ಕೊಟ್ಟ ಸಲಹೆ ಹೀಗಿತ್ತು. ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ, ಯಾವುದನ್ನು ಕೇಳಿ ತಿನ್ನುತ್ತೇನೆ ಅಂತ ಒಂದು ಹಾಳೆಯಲ್ಲಿ ನೀವೇ ಬರೆಯಿರಿ. ಗೆರೆ ಎಲ್ಲಿ ಅಂತ ನಾನು ಹೇಳುವುದಿಲ್ಲ. ಅವನು ಬರೆದ. ಮಾಂಸ, ಮೀನು, ಅದರ ಸಾರು, ಕೊಬ್ಬು, ಜೆಲಾಟಿನ್ ಇಲ್ಲ. ಚೀಸ್ ಪಟ್ಟಿ ನೋಡಿ. ಮಾಂಸ ಬೇಯಿಸುವ ಅಡುಗೆಮನೆಯೇ ಆದರೂ ಪರವಾಗಿಲ್ಲ. ಮೊಟ್ಟೆಯ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ. ಇರಲಿ ಅಂದೆ. ಅಲ್ಲಿಯ ಶ್ಪೆಟ್ಸ್ಲೆ ಅನ್ನುವ ಶಾವಿಗೆಯಂಥದ್ದಕ್ಕೆ ಮೊಟ್ಟೆ ಹಾಕಿಯೇ ಹಿಟ್ಟು ಕಲಸುವುದು, ಆ ಪ್ರಶ್ನೆ ಅವನಿಗೆ ದಿನಾ ಎದುರಾಗುವಂಥದ್ದು.

ಒಂದು ಪದಾರ್ಥದ ಪಟ್ಟಿ ಒಂದೇ ಸಲ ಓದಬೇಕು. ಆಮೇಲೆ ಅದು ಸರಿಯಾದದ್ದು ಅಂತ ಹಾಳೆಗೆ ಸೇರುತ್ತದೆ, ಮತ್ತೆ ಓದುವ ಹಾಗಿಲ್ಲ. 'ಸಸ್ಯಾಹಾರಿ' ಅಂತಷ್ಟೇ ಹೇಳಿದರೆ ಸಾಲದು. ಫ್ಲೈಶ್‌ಬ್ರೂಯೆ, ಅಂದರೆ ಮಾಂಸದ ಸಾರು, ಹಾಕಿದ್ದೀರಾ ಅಂತಲೇ ಕೇಳಬೇಕು. ಶ್ಪೆಕ್, ಶ್ಮಾಲ್ಟ್ಸ್ ಎರಡೂ ಹಂದಿಕೊಬ್ಬಿಗೆ ಸೇರಿದ ಮಾತುಗಳು, ಬಾಯಿಪಾಠ ಇರಲಿ. ಯಾರಾದರೂ ಊಟಕ್ಕೆ ಕರೆದರೆ ಮೊದಲೇ ಮೆಸೇಜ್ ಹಾಕಿ ತಿಳಿಸಿ, ತಿನ್ನುವಾಗ ಕಾರಣದ ಚರ್ಚೆ ಬೇಡ, ಬೇಕಾದರೆ ಕಾಫಿಗೆ ಸಿಗೋಣ ಅನ್ನಿ. ವಾರಕ್ಕೊಮ್ಮೆಯಾದರೂ ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಕೂರಿ, ಡಬ್ಬ ಮನೆಯದ್ದೇ ಆಗಲಿ.

ಕೊನೆಯದು, ತಟ್ಟೆಯ ಫೋಟೋ ಇವತ್ತಿಗೆ ಬಂದ್.

ಇದಕ್ಕೆ ಮನೆಯಲ್ಲಿ ಗಲಾಟೆಯಾಯಿತು. ಅಪ್ಪ ನಿವೃತ್ತ ಮೇಷ್ಟ್ರು, ನೇರವಾಗಿ ಬಂದು ಕೂತು ಗಾಂಧೀಜಿಯನ್ನು ತಂದರು. '1888ರಲ್ಲಿ ಮಾಂಸ ಮುಟ್ಟುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟು ಲಂಡನ್ನಿಗೆ ಹೋದವರು ಮೊಟ್ಟೆ ಮಾಂಸ ಹೌದಾ ಅಲ್ವಾ ಅನ್ನುವಾಗ ಅಮ್ಮನ ಅರ್ಥವನ್ನೇ ಹಿಡಿದ್ರು. ಸ್ವಂತ ಗೆರೆ ಎಳೀಲಿಲ್ಲ. ನೀವು ನಮ್ಮ ಮಾಣಿಗೆ ಹಾಳೆ ಕೊಟ್ಟು ಬರಿ ಅಂತೀರಿ.'

ಅವರು ಹೇಳಿದ್ದು ಸರಿಯೇ. ಆದರೆ ಅಮ್ಮನ ಅರ್ಥವೇ ಸರಿ ಅಂತ ತೀರ್ಮಾನಿಸಿದ್ದು ಗಾಂಧಿಯೇ, ಅದೂ ಅಲ್ಲಿದ್ದಾಗ, ಒಬ್ಬರೇ. ಒಳ್ಳೆಯ ಹೋಟೆಲೊಂದರಲ್ಲಿ ಸೂಪಿನಲ್ಲಿ ಮಾಂಸ ಇದೆಯಾ ಅಂತ ಬಡಿಸುವವನನ್ನು ಕೇಳಲು ಹೊರಟಾಗ ಜೊತೆಗಿದ್ದ ಗೆಳೆಯ ಸಿಟ್ಟಾಗಿ ಎದ್ದು ಹೋಗು ಅಂದ. ಎದ್ದು ಹೋದರು, ಆ ರಾತ್ರಿ ಉಪವಾಸ. ಅವರ ಅಮ್ಮ ಪುತಲೀಬಾಯಿ ಮಾತು ತೆಗೆದುಕೊಂಡು ಕಳಿಸಿದರು, ದಿನಾ ರಾತ್ರಿ ತಟ್ಟೆ ತೋರಿಸು ಅನ್ನಲಿಲ್ಲ. ಇದನ್ನೇ ಮೇಷ್ಟ್ರಿಗೆ ಹೇಳಿದೆ. 'ಆಗ ಫೋನ್ ಎಲ್ಲಿತ್ತು' ಅಂದರು. ಅದೂ ಹೌದು.

ನಾನು ಮಕ್ಕಳ ಆಚಾರ ಬಿಡಿಸುತ್ತೇನೆ ಅಂತ ಒಂದಿಬ್ಬರು ಹೇಳಿದ್ದು ಕಿವಿಗೆ ಬಿದ್ದಿದೆ. ಈ ಹುಡುಗ ಮಾಂಸ ತಿನ್ನಲು ಕೇಳಿ ಬಂದವನಲ್ಲ, ನಾನು ತಿನ್ನು ಅಂದವಳೂ ಅಲ್ಲ. ಅವನು ನಿಜವಾಗಿ ಹಾದಿ ತಪ್ಪಿದ್ದರೂ ಹಳೇ ಫೋಟೋ ಕಳಿಸಿದರೆ ಮುಗಿಯಿತಲ್ಲ. ಆ ಫೋಟೋದಿಂದ ಅವನ ಊಟ ಕೆಟ್ಟಿತು, ಅಮ್ಮನಿಗೆ ನಿಜವೂ ಸಿಗಲಿಲ್ಲ. ಅಪ್ಪ ಅಮ್ಮಂದಿರು ಕೇಳಲೇಬೇಕಿದ್ದರೆ 'ಯಾರ ಜೊತೆ ಊಟ ಮಾಡಿದೆ' ಅಂತ ಕೇಳಿ. ಒಬ್ಬನೇ ಅಂತ ವಾರಗಟ್ಟಲೆ ಉತ್ತರ ಬಂದರೆ ಆಗ ಗಾಬರಿಯಾಗಿ. ಸೂಟ್‌ಕೇಸಿಗೆ ಹುಳಿ ಪುಡಿ, ಸಾರಿನ ಪುಡಿ, ಹಪ್ಪಳ ಧಾರಾಳ ಹಾಕಿ, ತುಪ್ಪದ ಡಬ್ಬ ಮಾತ್ರ ಬೇಡ. ಹೊರದೇಶದ ಹಾಲಿನ ಪದಾರ್ಥ ಯುರೋಪಿನೊಳಗೆ ಒಯ್ಯುವಂತಿಲ್ಲ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ.

ಹುಡುಗ ವಾಪಸು ಹೋದ. ಬಿ12 ಮಾತ್ರೆ ನಡೆಯುತ್ತಿದೆ. ಆ ಸಲಾಡಿನ ವಿಷಯ ಹೇಳಿದ ಸಹೋದ್ಯೋಗಿಯ ಜೊತೆ ಈಗ ಕ್ಯಾಂಟೀನಿನಲ್ಲಿ ಕೂರುತ್ತಾನೆ. ಪಟ್ಟಿ ಎರಡನೇ ಸಲ ಓದುವ ಚಾಳಿ ಪೂರ್ತಿ ಹೋಗಿಲ್ಲ, ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಮಾತಾಡುತ್ತೇವೆ.

ಕೆಲವು ವಾರದ ಹಿಂದೆ ಅಮ್ಮ ಫೋನ್ ಮಾಡಿದ್ದರು. 'ಮೇಡಂ, ಅವನು ಮೊಟ್ಟೆ ತಿಂತಾನಾ?' ಅವನು ನನಗೆ ಹೇಳಿದ್ದನ್ನು ನಾನು ನಿಮಗೆ ಹೇಳುವಂತಿಲ್ಲ, ಅವನನ್ನೇ ಕೇಳಿ ಅಂದೆ.

'ಕೇಳಿದ್ರೆ ಈಗ ನಿಜ ಹೇಳ್ತಾನೆ' ಅಂದರು. 'ಅದಕ್ಕೇ ಕೇಳ್ಲಿಲ್ಲ.'