ಎಂಜಿನ್ ಶಬ್ದ ಆಮೇಲೆ, ಮೊದಲು ಬಾಗಿಲ ಕೆಳಗೆ ತಟ್ಟಿ ನೋಡು

ತಮ್ಮಾ, ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ತಡವಾಯಿತು ಅಂತ ಬೇಜಾರು ಮಾಡ್ಕೋಬೇಡ. ರಜೆಗೆ ಊರಿಗೆ ಬಂದಿದ್ದೇನೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ ನಮ್ಮ ಮನೆ. ಮಳೆ ಹಿಡಿದುಕೊಂಡಿದೆ. ಮೂರು ದಿನ ಕರೆಂಟೇ ಇರಲಿಲ್ಲ. ಇವತ್ತು ಬೆಳಿಗ್ಗೆ ಬಂತು, ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ಅಣ್ಣಾ ಅಂತ ಕರೆದಿದ್ದೀಯ, ಅದಕ್ಕೇ ನಾನೂ ಸಲುಗೆಯಿಂದಲೇ ಬರೆಯುತ್ತೇನೆ.

ನೀನು ಕೇಳಿದ್ದು ಇಷ್ಟು. ರಿಪ್ಪನ್‌ಪೇಟೆಯಿಂದ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ಐದು ತಿಂಗಳಾಗಿದೆ. ಚಿಕ್ಕಂದಿನಿಂದ ಹಳೆ ಸ್ಪೋರ್ಟ್ಸ್ ಕಾರಿನ ಆಸೆ. ಕೈಯಲ್ಲಿ 7,000 ಪೌಂಡ್ ಇದೆ. ಮೂರು ಗಾಡಿ ನೋಡಿಟ್ಟಿದ್ದೀಯ: 1976ರ ಎಂಜಿಬಿ, 1992ರ ಮಜ್ದಾ ಎಂಎಕ್ಸ್-5, 1987ರ ಪೋರ್ಷೆ 944. ದಿನಾ ಕೆಲಸಕ್ಕೂ ಅದರಲ್ಲೇ ಹೋಗಬೇಕು ಅಂತ ಯೋಚನೆ. ಯಾವುದನ್ನು ತಗೊಳ್ಳಲಿ ಅಂತ ಪ್ರಶ್ನೆ. ನಿನ್ನಪ್ಪ ಮಾತ್ರ "ಹಳೆ ಗಾಡಿ ಯಾಕೆ, ಸುಮ್ನೆ ಹೊಸದೊಂದು ತಗೋ" ಅನ್ನುತ್ತಿದ್ದಾರೆ.

ಉತ್ತರಕ್ಕೆ ಮೊದಲು ನಿನ್ನೆ ನಡೆದಿದ್ದು ಹೇಳುತ್ತೇನೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನನ್ನಣ್ಣನ ಜೊತೆ ಜೀಪಿನ ಕೆಳಗೆ ಮಲಗಿದ್ದೆ. ನಮ್ಮಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಜೀಪು. ವರ್ಷವೂ ಮಳೆಗಾಲಕ್ಕೆ ಮುಂಚೆ ಅಣ್ಣ ಅದರ ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ವೇಸ್ಟ್ ಆಯಿಲ್ ಬಳಿಯುತ್ತಾನೆ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋದೆ. ಟಣ್ ಟಣ್ ಅಂತ ಗಟ್ಟಿ ಶಬ್ದ. ಬಲಗಡೆ ಬಾಗಿಲ ಕೆಳಗೆ ಬಂದಾಗ ಮಾತ್ರ ಡಬ್ ಅಂತು. ಅಲ್ಲಿ ತುದಿ ಒತ್ತಿದೆ. ತಗಡು ಸುಟ್ಟ ಹಪ್ಪಳದ ಹಾಗೆ ಮುರಿದು ನನ್ನ ಎದೆ ಮೇಲೆ ಉದುರಿತು. ನೀನು ಆ ಟಣ್ ಮತ್ತು ಡಬ್ ಶಬ್ದಗಳ ವ್ಯತ್ಯಾಸ ತಿಳಿದುಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಹಳೆ ಕಾರು ತಗೊಳ್ಳುವಾಗ ನಾವು ಎಂಜಿನ್ ಕೊಳ್ಳುವುದಲ್ಲ, ಬಾಡಿ ಕೊಳ್ಳುವುದು. ಎಂಜಿನ್ ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ಬಾಡಿ ಸರಿ ಮಾಡಲು ಹೋದರೆ ಕೊಂಡ ಬೆಲೆಗಿಂತ ಜಾಸ್ತಿ ಖರ್ಚು.

ನೀನು ಕೇಳಬಹುದು, ನಮ್ಮಷ್ಟು ಮಳೆ ಅಲ್ಲಿ ಎಲ್ಲಿದೆ ಅಂತ. ನಿಜ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಕೊವೆಂಟ್ರಿಯಲ್ಲಿ 700ರ ಆಸುಪಾಸು. ಆದರೆ ಅಲ್ಲಿ ಚಳಿಗಾಲ ಬಂತು ಅಂದರೆ ರಸ್ತೆಗೆ ಉಪ್ಪು ಹಾಕುತ್ತಾರೆ, ಮಂಜುಗಡ್ಡೆ ಕಟ್ಟದ ಹಾಗೆ. ಚೆಷೈರ್ ಕಡೆಯ ಗಣಿಯಿಂದ ತೆಗೆದ ಕಲ್ಲುಪ್ಪು, ಕಂದು ಬಣ್ಣದ್ದು. ಚಕ್ರ ಅದನ್ನು ಎರಚಿ ಎರಚಿ ಬಾಡಿಯ ಸಂದಿಗೆಲ್ಲ ಸೇರಿಸುತ್ತದೆ. ನಮ್ಮ ಮಳೆ ಎಷ್ಟೇ ಸುರಿಯಲಿ, ತೊಳೆದುಕೊಂಡು ಹೋಗುತ್ತದೆ. ಉಪ್ಪು ಹಾಗಲ್ಲ, ಕೂತಲ್ಲೇ ಕೂತು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉಪ್ಪುನೀರು ತಾಗಿದ ಕಬ್ಬಿಣ ಬರೀ ನೀರು ತಾಗಿದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಹೊರಗೆ ಫಳಫಳ ಪೇಂಟು ಹೊಡೆದಿರುತ್ತಾರೆ, ಒಳಗೆ ಟೊಳ್ಳು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನಾನು ಹುಡುಗನಾಗಿದ್ದಾಗ ತೀರ್ಥಹಳ್ಳಿಯ ಡಾಕ್ಟರೊಬ್ಬರ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು. ಅದರ ಬಾನೆಟ್ಟು ಎರಡೂ ಕಡೆಯ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಡಾಕ್ಟರು ಮುಂದಿನ ಟೈರಿನ ಮೇಲೇ ಕೂತು ಪ್ಲಗ್ ಉಜ್ಜುತ್ತಿದ್ದರು. ಸ್ಕೂಲಿಗೆ ಹೋಗುವಾಗ ನಿಂತು ನೋಡುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಕೊವೆಂಟ್ರಿಯಲ್ಲಿ ಒಬ್ಬರ ಮನೆ ಮುಂದೆ ಕೆಂಪು ಬಣ್ಣದ ಟ್ರಯಂಫ್ ಸ್ಪಿಟ್‌ಫೈರ್ ಕಂಡೆ. ಅದೇ ಬಾನೆಟ್ಟು! ಆಮೇಲೆ ಗೊತ್ತಾಯಿತು, ಹೆರಾಲ್ಡ್ ಚಾಸಿಯನ್ನೇ ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಮಾಡಿದ್ದು. ಎರಡನ್ನೂ ಡಿಸೈನ್ ಮಾಡಿದವರು ಇಟಲಿಯ ಮಿಕೆಲೊಟ್ಟಿ. ತಯಾರಾಗಿದ್ದು ಕೊವೆಂಟ್ರಿಯ ಕ್ಯಾನ್ಲಿಯಲ್ಲಿ, ನನ್ನ ಬಾಡಿಗೆ ಮನೆಯಿಂದ ಹದಿನೈದು ನಿಮಿಷದ ದಾರಿ. ನನಗೆ ತಡೆದುಕೊಳ್ಳಲು ಆಗಲಿಲ್ಲ ಮಾರಾಯ. 1977ರದ್ದೊಂದು ಹುಡುಕಿದೆ. ಎಂಜಿನ್ ಶಬ್ದ ಕೇಳಿದೆ, ಒಂದು ಸುತ್ತು ಹೊಡೆದೆ, ದುಡ್ಡು ಎಣಿಸಿ ಕೊಟ್ಟೆ.

ಆ ಚಳಿಗಾಲ ದಿನಾ ಅದರಲ್ಲೇ ಕೆಲಸಕ್ಕೆ ಹೋದೆ. ಮಾರ್ಚಿನಲ್ಲಿ ಬಾಗಿಲು ಹಾಕಲು ಮೇಲಕ್ಕೆತ್ತಿ ದೂಡಬೇಕಾಯಿತು. ವೆಲ್ಡಿಂಗ್ ಮಾಡುವವರ ಹತ್ತಿರ ಒಯ್ದೆ. ಅವರು ಬಾಗಿಲ ಕೆಳಗಿನ ಸಿಲ್ಲಿಗೆ ಸ್ಕ್ರೂಡ್ರೈವರ್ ಚುಚ್ಚಿದರು, ಹಿಡಿಯವರೆಗೂ ಒಳಗೆ ಹೋಯಿತು. ಪುಟ್ಟಿ ಕಿತ್ತರೆ ಫೈಬರ್, ಫೈಬರ್ ಕಿತ್ತರೆ ಉಂಡೆ ಕಟ್ಟಿ ತುರುಕಿದ್ದ ಒದ್ದೆ ನ್ಯೂಸ್ ಪೇಪರ್. ನನಗೆ ಅಳು ಬಂತು. ಮಾರಿದವರು ಗೊತ್ತಿದ್ದೇ ಮಾಡಿದ್ದು. ಆ ಗಾಡಿ ಸರಿ ಮಾಡಲು ಎರಡು ವರ್ಷ ಹಿಡಿಯಿತು. ನಿನಗೆ ಹಾಗಾಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿರುವುದು.

ಈಗ ನಿನ್ನ ಎಂಜಿಬಿ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್‌ನಲ್ಲಿ ಮಾಡಿದರು, ಗಟ್ಟಿ ಟಾಪ್ ಇರುವ ಜಿಟಿ ಎಲ್ಲ ಸೇರಿ ಐದು ಲಕ್ಷಕ್ಕೂ ಜಾಸ್ತಿ. 1,798 ಸಿಸಿ ಎಂಜಿನ್ ಬಹಳ ಗಟ್ಟಿ. ಸಣ್ಣ ಬೋಲ್ಟಿನಿಂದ ಹಿಡಿದು ಪೂರ್ತಿ ಹೊಸ ಬಾಡಿ ಶೆಲ್‌ವರೆಗೂ ಇವತ್ತಿಗೂ ಸಿಗುತ್ತದೆ. ಸ್ಪ್ಯಾನರ್ ಹಿಡಿದು ಕಲಿಯಲು ಇದಕ್ಕಿಂತ ಒಳ್ಳೆ ಗಾಡಿ ಇಲ್ಲ. ಆದರೆ ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲೆ ಟಾಪ್ ಇಲ್ಲದ ಕಾರಾದ್ದರಿಂದ ಬಲವೆಲ್ಲ ಎರಡು ಪಕ್ಕದ ಸಿಲ್‌ಗಳಲ್ಲಿದೆ. ಹೊರಗಿನ ತಗಡು ಒಂದು, ಒಳಗೆ ಇನ್ನೆರಡು ಪದರ. ಹೊರಗಿನದು ಹೊಸದಾಗಿ ಕಂಡ ಮಾತ್ರಕ್ಕೆ ಒಳಗಿನದು ಇದೆ ಅಂತಲ್ಲ. ಕೊಳೆತದ್ದರ ಮೇಲೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿರುತ್ತಾರೆ. ಬಾಗಿಲಿನ ಹಿಂದಿನ ಸಂದಿ ನೋಡು. ಮೇಲಿಂದ ಕೆಳಗಿನವರೆಗೂ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿದ್ದರೆ ಗಾಡಿ ಮಧ್ಯದಲ್ಲಿ ಬಗ್ಗಿದೆ ಅಂತ ಅರ್ಥ. ಮಾರುವವರು ಒಪ್ಪಿದರೆ ಪಕ್ಕದ ಜಾಕ್ ಪಾಯಿಂಟಿನಲ್ಲಿ ಎತ್ತಿಸಿ ಬಾಗಿಲು ತೆಗೆದು ಹಾಕಿ ನೋಡು. ಎತ್ತಿದ ಮೇಲೆ ಬಾಗಿಲು ಸಿಕ್ಕಿಕೊಂಡರೆ ಕೈಮುಗಿದು ವಾಪಸ್ ಬಾ.

ಇನ್ನೊಂದು ವಿಷಯ. ಅಲ್ಲಿ ಎಂ.ಓ.ಟಿ. ಅಂತ ಗಾಡಿಯ ಟೆಸ್ಟ್ ಇದೆ, ನಮ್ಮ ಎಫ್‌ಸಿ ತರಹ, ಆದರೆ ಗಾಡಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ. 2018ರಿಂದ, 40 ವರ್ಷ ದಾಟಿದ ಗಾಡಿಯಲ್ಲಿ ದೊಡ್ಡ ಬದಲಾವಣೆ ಮಾಡಿಲ್ಲದಿದ್ದರೆ ಅದಕ್ಕೆ ವಿನಾಯಿತಿ. ರಸ್ತೆ ತೆರಿಗೆಯೂ ಇಲ್ಲ. ಕೇಳಲು ಚೆನ್ನಾಗಿದೆ, ಆದರೆ ಕೊಳ್ಳುವವನಿಗೆ ಅದೇ ಅಪಾಯ. 1976ರ ಗಾಡಿಯ ಕೆಳಭಾಗವನ್ನು ಎಷ್ಟೋ ವರ್ಷದಿಂದ ಯಾರೂ ನೋಡಿಯೇ ಇಲ್ಲದಿರಬಹುದು. ವಿನಾಯಿತಿ ಇದ್ದರೂ ಟೆಸ್ಟ್ ಮಾಡಿಸಲು ಅಡ್ಡಿಯಿಲ್ಲ. ಮಾಡಿಸಿ ಕೊಡಿ ಅಂತ ಕೇಳು. ಒಪ್ಪದಿದ್ದರೆ ಕಾರಣ ನಿನಗೇ ಅರ್ಥವಾಗುತ್ತದೆ.

ಎಂಎಕ್ಸ್-5 ವಿಷಯಕ್ಕೆ ಬರುತ್ತೇನೆ. ಜಪಾನಿನವರು ಹಳೆ ಇಂಗ್ಲಿಷ್ ಕಾರುಗಳ ಖುಷಿಯನ್ನು ಉಳಿಸಿಕೊಂಡು, ಅವುಗಳ ಕಾಟ ಬಿಟ್ಟು ಮಾಡಿದ ಗಾಡಿ. 1989ರಲ್ಲಿ ಬಂತು. ನಿನ್ನದು 1.6 ಲೀಟರ್, ತೂಕ ಒಂದು ಟನ್ನಿಗೂ ಕಮ್ಮಿ, ಹಿಂದಿನ ಚಕ್ರಕ್ಕೆ ಪವರ್. ಲೈಟ್ ಹಾಕಿದರೆ ಕಣ್ಣು ಬಿಟ್ಟ ಹಾಗೆ ಮೇಲೇಳುತ್ತವೆ. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ಅದು ದೊಡ್ಡ ಮಾತು. ಬಕ್ಸ್‌ಟನ್‌ನಿಂದ ಮ್ಯಾಕಲ್ಸ್‌ಫೀಲ್ಡ್‌ಗೆ ಹೋಗುವ ಕ್ಯಾಟ್ ಅಂಡ್ ಫಿಡಲ್ ರಸ್ತೆಯಲ್ಲಿ ಸ್ನೇಹಿತರೊಬ್ಬರ ಎಂಎಕ್ಸ್-5 ಓಡಿಸಿದ್ದೇನೆ. ಸ್ಟೀರಿಂಗ್ ಹಿಡಿದಾಗ ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ಗೊತ್ತಾಗುತ್ತಿತ್ತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇದನ್ನು ಓಡಿಸಬೇಕಿತ್ತು ಅಂತ ಮನಸ್ಸಿಗೆ ಬಂತು.

ಇದಕ್ಕೂ ತುಕ್ಕಿದೆ, ಆದರೆ ಜಾಗ ಗೊತ್ತಿದೆ. ಹಿಂದಿನ ಚಕ್ರದ ಮುಂದೆ, ಸಿಲ್ಲಿನ ಕೊನೆ. ಮೇಲೆ ಮಡಚುವ ಬಟ್ಟೆಯ ಟಾಪ್ ಮೇಲೆ ಬಿದ್ದ ನೀರು ಸೀಟಿನ ಹಿಂದೆ ಎರಡು ಮೂಲೆಯ ಕಿಂಡಿಗಳಿಂದ ಕೆಳಗೆ ಇಳಿಯಬೇಕು. ನಮ್ಮ ಮನೆಯ ಮಾಡಿನ ದಂಬೆಗೆ ದರಗು ಕಟ್ಟಿಕೊಂಡರೆ ನೀರು ಗೋಡೆಗೆ ಇಳಿಯುತ್ತದಲ್ಲ, ಥೇಟ್ ಹಾಗೇ. ಕಿಂಡಿಗೆ ಎಲೆ ಕಟ್ಟಿಕೊಂಡರೆ ನೀರು ಸಿಲ್ಲಿನೊಳಗೆ ನಿಂತು ಒಳಗಿನಿಂದ ತಿನ್ನುತ್ತದೆ. ನೋಡಲು ಹೋದಾಗ ಆ ಕಿಂಡಿಗೆ ಒಂದು ಮಗ್ ನೀರು ನಿಧಾನವಾಗಿ ಹಾಕು. ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬಿದ್ದರೆ ಸಮಾಧಾನ. ಈ ಗಾಡಿಗೆ ಇನ್ನೂ 40 ಆಗಿಲ್ಲ, ಹಾಗಾಗಿ ವರ್ಷವರ್ಷದ ಎಂ.ಓ.ಟಿ. ದಾಖಲೆ ಸರ್ಕಾರದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಂಬರ್ ಪ್ಲೇಟ್ ಹಾಕಿದರೆ ಸಾಕು. ಪಾಸು ಫೇಲು ಮಾತ್ರ ನೋಡಬೇಡ, ಕೆಳಗಿನ ಸೂಚನೆ ಓದು. ಎಲ್ಲಿ ಎಲ್ಲಿ 'ಕೊರೋಷನ್' (ತುಕ್ಕು) ಅಂತ ಬರೆದಿದ್ದಾರೆ, ಮುಂದಿನ ವರ್ಷ ಅದು ರಿಪೇರಿ ಆಗಿದೆಯಾ, ಇಲ್ಲ ಹಾಗೇ ಬಿಟ್ಟಿದ್ದಾರಾ ನೋಡು. ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಕೇಳು.

ಪೋರ್ಷೆ ಬೇಡ. ಒಳ್ಳೆ ಗಾಡಿಯೇ, ಬಾಡಿಗೆ ಸತುವಿನ ಲೇಪನವೂ ಇದೆ. ಆದರೆ ಟೈಮಿಂಗ್ ಬೆಲ್ಟ್ ಕಡಿದರೆ ವಾಲ್ವ್ ಬಗ್ಗಿ ಎಂಜಿನ್ನೇ ಹೋಗುತ್ತದೆ. ಗೇರ್‌ಬಾಕ್ಸ್ ಹಿಂದಿರುವುದರಿಂದ ಕ್ಲಚ್ ಹಾಕಲು ಅರ್ಧ ಗಾಡಿ ಬಿಚ್ಚಬೇಕು. ಗಾಡಿ ಅಗ್ಗಕ್ಕೆ ಸಿಗಬಹುದು, ಪಾರ್ಟ್ಸ್ ಅಗ್ಗಕ್ಕೆ ಸಿಗುವುದಿಲ್ಲ.

ಇನ್ನು ನೀನು ಕೇಳದೇ ಇರುವ ಮಾತು. ನಿನ್ನ ಇಂಡಿಯಾ ಲೈಸೆನ್ಸ್ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಐದು ಕಳೆದಿವೆ. ಮೊದಲು ಅಲ್ಲಿನ ಟೆಸ್ಟ್ ಪಾಸು ಮಾಡು. ಆ ಲೈಸೆನ್ಸ್ ಬಂದರೆ ಇನ್ಶೂರೆನ್ಸ್ ಎಷ್ಟೋ ಇಳಿಯುತ್ತದೆ. ಕ್ಲಾಸಿಕ್ ಗಾಡಿಯ ಅಗ್ಗದ ಪಾಲಿಸಿ ಕೊಡುವ ಹೆಚ್ಚಿನವರು ದಿನದ ಓಡಾಟಕ್ಕೆ ಬೇರೆ ಕಾರು ಇರಬೇಕು ಅನ್ನುತ್ತಾರೆ. ನೀನು ಎಂಜಿಬಿಯಲ್ಲೇ ದಿನಾ ಆಫೀಸಿಗೆ ಅಂದರೆ ಲೆಕ್ಕ ತಪ್ಪುತ್ತದೆ. ಜೊತೆಗೆ ನಿನ್ನ ಗಾಡಿ ರಾತ್ರಿಯೆಲ್ಲ ಬೀದಿಯಲ್ಲಿ ನಿಲ್ಲಬೇಕು ಅಂತ ಬರೆದಿದ್ದೀಯ. ಎಂಜಿಬಿಗೆ ಸೂರು ಬೇಕೇ ಬೇಕು. ಮತ್ತೆ, ವಿ-5-ಸಿ ಅನ್ನುವುದು ಅಲ್ಲಿನ ಆರ್‌ಸಿ ಇದ್ದ ಹಾಗೆ, ಆದರೆ ಅದರಲ್ಲಿ ಹೆಸರಿದ್ದವನೇ ಮಾಲೀಕ ಅಂತ ಅಲ್ಲ. ಗಾಡಿ ಮೇಲೆ ಸಾಲ ಉಳಿದಿದೆಯಾ ಅಂತ ಬೇರೆಯಾಗಿ ಚೆಕ್ ಮಾಡಿಸು.

ಅಪ್ಪನ ಮಾತಿಗೆ ಹೀಗೆ ಹೇಳು. ಅಲ್ಲಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲೆ. ನನ್ನ ಮೊದಲ ಎರಡು ವರ್ಷ ಆಫೀಸಿನ ಆಚೆ ನನಗೆ ಒಬ್ಬರೂ ಗೊತ್ತಿರಲಿಲ್ಲ. ಶನಿವಾರ ಊರಿಗೆ ಫೋನ್ ಮಾಡಿ ಇಟ್ಟ ಮೇಲೆ ಮನೆ ಇನ್ನೂ ಖಾಲಿ ಅನ್ನಿಸುತ್ತಿತ್ತು. ಆ ಕೊಳೆತ ಸ್ಪಿಟ್‌ಫೈರ್ ಸರಿ ಮಾಡಲು ಹೊರಟಾಗ ಪಕ್ಕದ ಬೀದಿಯ ಮುದುಕರೊಬ್ಬರು ವೆಲ್ಡಿಂಗ್ ಕಲಿಸಲು ಬಂದರು. ಕ್ಯಾನ್ಲಿ ಕಾರ್ಖಾನೆಯಲ್ಲೇ ದುಡಿದವರು. ಭಾನುವಾರಗಳು ಅವರ ಗ್ಯಾರೇಜಿನಲ್ಲಿ ಕಳೆದವು. ಅವರ ಹೆಂಡತಿಗೆ ನಾನು ಹುಳಿ ಮಾಡುವುದು ಕಲಿಸಿದೆ. ಈಗ ನನ್ನ ಹತ್ತಿರ ಇರುವ 1972ರ ಎಂಜಿಬಿ ಜಿಟಿಯನ್ನು ಹುಡುಕಿ ಕೊಟ್ಟವರೂ ಅವರೇ. ಆ ಊರು ನನಗೆ ಊರು ಅನ್ನಿಸಿದ್ದು ಆ ಗ್ಯಾರೇಜಿನಿಂದ. ನಿನ್ನ ಆಸೆ ದುಂದು ಅಂತ ನನಗೆ ಒಂದು ಕ್ಷಣವೂ ಅನ್ನಿಸಿಲ್ಲ.

ಹಾಗಾಗಿ ಎಂಎಕ್ಸ್-5 ನೋಡು ಅನ್ನುತ್ತೇನೆ. ಸಿಲ್ ಗಟ್ಟಿ ಇದ್ದರೆ ತಗೋ, ಇಲ್ಲದಿದ್ದರೆ ಅದೇ ಗಾಡಿ ಇನ್ನೊಂದು ಸಿಗುವವರೆಗೆ ಕಾಯಿ. 7,000ವನ್ನೂ ಗಾಡಿಗೇ ಹಾಕಬೇಡ. ಸಾವಿರವಾದರೂ ಟೈರು, ಬೆಲ್ಟು, ಬ್ರೇಕಿಗೆ ಇರಲಿ. ಚಳಿಗಾಲಕ್ಕೆ ಮುಂಚೆ ಸಿಲ್ಲಿನೊಳಗೆ ಮೇಣದ ಎಣ್ಣೆ ಸ್ಪ್ರೇ ಮಾಡಿಸೋಣ. ಅಣ್ಣ ಜೀಪಿಗೆ ಮಾಡುವ ಕೆಲಸವೇ ಅದು. ಎಂಜಿಬಿ ನಿನಗೊಂದು ಶೆಡ್ಡು ಅಂತ ಆದ ಮೇಲೆ ಬರಲಿ.

ನಾನು ಆಗಸ್ಟ್ 20ಕ್ಕೆ ವಾಪಸ್ ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ. ಆ ಶನಿವಾರವೇ ಹೋಗೋಣ, ಬೆಳಿಗ್ಗೆ ಹೋಗೋಣ, ಬೆಳಕು ಚೆನ್ನಾಗಿರುತ್ತದೆ. ನಾವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅಂತ ಮಾರುವವರಿಗೆ ಹೇಳಿಡು, ತಣ್ಣಗಿರುವಾಗಲೇ ಕೇಳಬೇಕು. ಟಾರ್ಚು, ಸಣ್ಣ ಮ್ಯಾಗ್ನೆಟ್ ನನ್ನ ಹತ್ತಿರ ಇವೆ. ಪುಟ್ಟಿ ಇರುವ ಕಡೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ನೀನು ಒಂದು ಬಾಟಲಿ ನೀರು ತಾ, ಹಳೆ ಬಟ್ಟೆ ಹಾಕಿಕೊಂಡು ಬಾ. ಕೆಳಗೆ ಹಾಸಿಕೊಳ್ಳಲು ಇಲ್ಲಿಂದ ಅಡಿಕೆಯ ಒಂದು ಖಾಲಿ ಗೋಣಿಚೀಲ ತರುತ್ತಿದ್ದೇನೆ.