ಬರಹಗಾರರಿಗೆ ಸಲಹೆ: ನಿಮ್ಮ ಲೇಖನದಲ್ಲಿ ಜೆರ್ರಿ ರೈಸ್ ಇನ್ನೂ ಓಡಿಲ್ಲ

ಪ್ರಿಯರೇ, ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಆಟಗಾರ ಜೆರ್ರಿ ರೈಸ್ ಬಗ್ಗೆ ನೀವು ಕಳಿಸಿದ ‘ಮೈದಾನದ ಮಾಂತ್ರಿಕ’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಈ ವಿಷಯವನ್ನು ಬಿಡಬೇಡಿ. ಕನ್ನಡದಲ್ಲಿ ಈ ಆಟದ ಬಗ್ಗೆ ಒಳ್ಳೆಯ ಬರಹ ನನ್ನ ಕಣ್ಣಿಗೆ ಬಿದ್ದಿದ್ದು ತೀರಾ ಕಡಿಮೆ. ನೀವಿರುವ ಕ್ಯಾಲಿಫೋರ್ನಿಯಾದ ಸನಿವೇಲ್‌ಗೂ ರೈಸ್ ಹೆಚ್ಚು ಕಾಲ ಆಡಿದ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ಈಗ ಆಡುವ ಸಾಂತಾ ಕ್ಲಾರಾಗೂ ಕೂಗಳತೆಯ ದೂರ. ಆಟ ನೋಡಿ, ತಿಳಿದು ಬರೆಯುತ್ತಿದ್ದೀರಿ ಎನ್ನುವುದೂ ಅಲ್ಲಲ್ಲಿ ಗೊತ್ತಾಗುತ್ತದೆ. ಹಾಗಾಗಿ ‘ಪ್ರಕಟಿಸಲಾಗದ್ದಕ್ಕೆ ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಲೇಖನದ ಜತೆಗಿನ ಪತ್ರದಲ್ಲಿ ಒಂದು ಮಾತು ಬರೆದಿದ್ದೀರಿ. ಹಾಸನದಿಂದ ಬಂದಿದ್ದ ನಿಮ್ಮ ತಂದೆ ಟಿವಿ ಮುಂದೆ ಕೂತು, ‘ಇದೆಂಥಾ ಆಟನಪ್ಪಾ, ಬರೀ ಒಬ್ಬರ ಮೇಲೊಬ್ಬರು ಬೀಳೋದೇ ಆಯ್ತಲ್ಲ’ ಅಂದರಂತೆ. ನಿಮ್ಮ ಓದುಗರು ಅವರೇ. ಅವರಿಗೆ ಆಟ ಕಾಣುವಂತೆ ಬರೆಯಬೇಕು. ಈ ಲೇಖನ ಓದಿದರೆ ಜೆರ್ರಿ ರೈಸ್ ಬಹಳ ದೊಡ್ಡ ಮನುಷ್ಯ ಎಂದು ಅವರಿಗೆ ತಿಳಿಯುತ್ತದೆ. ಆ ಮನುಷ್ಯ ಮೈದಾನದಲ್ಲಿ ಮಾಡುತ್ತಿದ್ದದ್ದಾದರೂ ಏನು ಎಂದು ಕೇಳಿದರೆ ಉತ್ತರ ಇಲ್ಲ.

ಮೊದಲ ಪುಟವನ್ನೇ ನೋಡಿ. 1,549 ಕ್ಯಾಚ್, 22,895 ಗಜ, 208 ಟಚ್‌ಡೌನ್, 303 ಪಂದ್ಯ, 20 ಸೀಸನ್, ಎಲ್ಲ ಒಂದೇ ಪ್ಯಾರಾದಲ್ಲಿ ಬಂದಿವೆ. ಅಂಕಿಗಳು ಸರಿಯಾಗಿಯೇ ಇವೆ. ಆದರೆ ಒಂದು ಗಜ ಗಳಿಸುವುದು ಎಂದರೆ ಏನೆಂದೇ ಗೊತ್ತಿಲ್ಲದವರಿಗೆ 22,895 ಬರೀ ಒಂದು ದೊಡ್ಡ ಸಂಖ್ಯೆ. ಇವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಅದನ್ನು ಬಿಡಿಸಿ ಹೇಳಿ. ಗಜ ಎಂದರೆ ಹಿಡಿದ ಎಸೆತಗಳಿಂದ ತಂಡ ಮುಂದೆ ಸಾಗಿದ ದೂರ. ಒಂದು ಸೀಸನ್‌ನಲ್ಲಿ 1,000 ಗಜ ದಾಟಿದ ರಿಸೀವರ್‌ನನ್ನು, ಅಂದರೆ ರೈಸ್‌ರಂತೆ ಎಸೆತ ಹಿಡಿಯುವವನನ್ನು, ಒಳ್ಳೆಯ ಆಟಗಾರ ಅನ್ನುತ್ತಾರೆ. ಗಜಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿರುವ ಲ್ಯಾರಿ ಫಿಟ್ಜ್‌ಜೆರಾಲ್ಡ್ ಒಟ್ಟು ಗಳಿಸಿದ್ದು 17,492. ಅವರು ನಿವೃತ್ತಿಯಾಗದೆ ಇನ್ನೂ ಐದು ವರ್ಷ, ವರ್ಷಕ್ಕೆ ಸಾವಿರದಂತೆ ಗಳಿಸಿದ್ದರೂ ರೈಸ್‌ರನ್ನು ಮುಟ್ಟುತ್ತಿರಲಿಲ್ಲ. ಇಷ್ಟು ಹೇಳಿದರೆ ಸಾಕು, ಮಿಕ್ಕ ಅಂಕಿಗಳಿಗೆ ಕತ್ತರಿ ಹಾಕಿ.

ಏಕಲವ್ಯ, ಭಗೀರಥ, ಸಚಿನ್ ತೆಂಡೂಲ್ಕರ್ ಮೂವರೂ ಒಂದೇ ಪುಟದಲ್ಲಿ ಬರುತ್ತಾರೆ. ಮೂವರನ್ನೂ ತೆಗೆಯಿರಿ. ಇಂಥ ಹೆಸರು ಸಿಕ್ಕ ಕೂಡಲೇ ಓದುಗರು ತಮಗೆ ಮೊದಲೇ ಗೊತ್ತಿರುವ ಕಥೆಯೊಳಕ್ಕೆ ಹೋಗಿಬಿಡುತ್ತಾರೆ, ರೈಸ್ ಬೆಳೆದ ಮಿಸಿಸಿಪಿಗೆ ಬರುವುದೇ ಇಲ್ಲ.

ಇನ್ನು ಆಟದ ವಿಷಯ. ನೀವು ನಿಯಮಗಳನ್ನು ಒಂದು ಪೂರ್ತಿ ಪುಟ ವಿವರಿಸಿದ್ದೀರಿ. ಅಷ್ಟು ಬೇಡ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗಳಿಗೆ. ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸಿದರೆ ಟಚ್‌ಡೌನ್. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಸಾಲಿನ ಅಂಚಿನಲ್ಲಿ ಎಲ್ಲರಿಂದ ದೂರ ನಿಂತು, ಎಸೆತ ಹಿಡಿಯಲು ಓಡುವವನು ವೈಡ್ ರಿಸೀವರ್. ನಿಮ್ಮ ಲೇಖನಕ್ಕೆ ಬೇಕಾದ ನಿಯಮ ಇಷ್ಟೇ. ಆಮೇಲೆ ಒಂದೇ ಒಂದು ಓಟ ತೋರಿಸಿ. ನನ್ನನ್ನು ಕೇಳಿದರೆ ‘ಸ್ಲ್ಯಾಂಟ್’ ತೋರಿಸಿ, ಏಕೆಂದರೆ ರೈಸ್ ಹೆಸರು ಆ ರೂಟ್‌ಗೆ, ಅಂದರೆ ಮೊದಲೇ ಗೊತ್ತುಮಾಡಿದ ಆ ಓಟದ ದಾರಿಗೆ, ಅಂಟಿಕೊಂಡಿದೆ.

ರಿಸೀವರ್ ಅಂಚಿನಲ್ಲಿ ನಿಂತಿದ್ದಾನೆ. ಎದುರಿಗೆ ಅವನನ್ನು ಕಾಯುವ ಕಾರ್ನರ್‌ಬ್ಯಾಕ್. ಚೆಂಡು ಆಟಕ್ಕೆ ಬಂದ ಕ್ಷಣ ರಿಸೀವರ್ ನೇರವಾಗಿ ಮೂರು ಹೆಜ್ಜೆ ಓಡುತ್ತಾನೆ. ಆ ಮೂರು ಹೆಜ್ಜೆಯಲ್ಲಿ ಭುಜ, ಸೊಂಟ, ಕಣ್ಣು ಯಾವುದೂ ಮುಂದಿನ ತಿರುವಿನ ಸುಳಿವು ಕೊಡಬಾರದು. ಐವತ್ತು ಗಜ ನೇರ ಓಡಲು ಹೊರಟವನ ಹಾಗೇ ಇರಬೇಕು. ಮೂರನೆಯ ಹೆಜ್ಜೆಯಲ್ಲಿ ಹೊರಗಿನ ಕಾಲನ್ನು ಊರಿ, ಮೈದಾನದ ನಡುವಿನತ್ತ ಓರೆಯಾಗಿ ನುಗ್ಗುತ್ತಾನೆ. ಕ್ವಾರ್ಟರ್‌ಬ್ಯಾಕ್ ಅವನು ತಿರುಗಿದ್ದನ್ನು ನೋಡಿಕೊಂಡು ಎಸೆಯುವುದಿಲ್ಲ, ತಿರುಗುವ ಹೊತ್ತಿಗೇ ಚೆಂಡು ಕೈಬಿಟ್ಟಿರುತ್ತದೆ. ಎಸೆತ ಹೋಗುವುದು ರಿಸೀವರ್ ಈಗಿರುವ ಜಾಗಕ್ಕಲ್ಲ, ಇನ್ನೆರಡು ಹೆಜ್ಜೆಗೆ ಅವನು ಇರಬೇಕಾದ ಜಾಗಕ್ಕೆ. ಕಾಲು ಊರುವುದು ಅರ್ಧ ಹೆಜ್ಜೆ ತಡವಾದರೂ ಚೆಂಡು ಎದುರಾಳಿಯ ಕೈಗೆ. ಸರಿಯಾಗಿ ಹೋದರೆ ಓಟದ ವೇಗ ಒಂದಿಷ್ಟೂ ಕುಗ್ಗದೆ ಚೆಂಡು ಕೈ ಸೇರುತ್ತದೆ, ಐದಾರು ಗಜದ ಸಣ್ಣ ಎಸೆತ ನಲವತ್ತು ಗಜದ ಓಟವಾಗುತ್ತದೆ.

49ಅರ್ಸ್‌ನ ಆಗಿನ ಕೋಚ್ ಬಿಲ್ ವಾಲ್ಷ್ ಕಟ್ಟಿದ ಆಟದ ಪದ್ಧತಿಯೇ ಇದು: ಸಣ್ಣ ಎಸೆತ, ಕರಾರುವಾಕ್ಕಾದ ಸಮಯ, ಹಿಡಿದ ಮೇಲಿನ ಓಟ. 1978ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನಿಯಮ ಬದಲಿಸಿ, ಮೊದಲ ಐದು ಗಜ ದಾಟಿದ ಮೇಲೆ ರಿಸೀವರ್‌ನನ್ನು ಮೈಮುಟ್ಟಿ ತಡೆಯುವಂತಿಲ್ಲ ಎಂದದ್ದು ಈ ಪದ್ಧತಿಗೆ ದಾರಿ ಸುಗಮ ಮಾಡಿತು. ನಿಮ್ಮ ಲೇಖನದಲ್ಲಿ ರೈಸ್ ‘ಮಿಂಚಿನ ವೇಗದವರು’. ನೇರ ಓಟದ ಗಡಿಯಾರದಲ್ಲಿ ಅವರಿಗಿಂತ ವೇಗದ ರಿಸೀವರ್‌ಗಳು ಅವರ ಕಾಲದಲ್ಲೇ ಬೇಕಾದಷ್ಟು ಮಂದಿ ಇದ್ದರು. ತಿರುಗುವಾಗ ವೇಗ ಕಳೆದುಕೊಳ್ಳದಿರುವುದು ರೈಸ್‌ರ ವಿದ್ಯೆ. ಆ ಒಂದು ವಿದ್ಯೆ ಓದುಗರಿಗೆ ದಕ್ಕಿದರೆ ಮಾಂತ್ರಿಕ, ಮಿಂಚು, ದೈವದತ್ತ ಪ್ರತಿಭೆ ಎಂಬ ಮಾತುಗಳು ಯಾವುವೂ ಬೇಕಾಗುವುದಿಲ್ಲ.

ಬಾಲ್ಯದ ಭಾಗಕ್ಕೆ ಬರೋಣ. 1962ರಲ್ಲಿ ಹುಟ್ಟಿದ್ದು, ಕ್ರಾಫರ್ಡ್ ಎಂಬ ಪುಟ್ಟ ಊರು, ಗಾರೆ ಕೆಲಸದ ತಂದೆ, ಸಾರುವೆ ಮೇಲೆ ನಿಂತ ಹುಡುಗನತ್ತ ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳು, ಎಲ್ಲವೂ ಇವೆ. ಇಟ್ಟಿಗೆಯ ಕಥೆ ಸೊಗಸಾಗಿದೆ, ರೈಸ್ ತಾವೇ ಹೇಳಿಕೊಂಡದ್ದು, ಇರಲಿ. ಆದರೆ ‘ಅಂದು ಇಟ್ಟಿಗೆ ಹಿಡಿದ ಕೈಗಳು ಇಂದು ಚೆಂಡನ್ನು ಬಿಡಲೇ ಇಲ್ಲ’ ಎಂದು ಮುಗಿಸಿದ್ದೀರಲ್ಲ, ಅದು ನಿಜವಲ್ಲ. ಆ ಕೈಗಳು ಚೆಂಡು ಬಿಟ್ಟಿವೆ, ಸಾವಿರಾರು ಜನರೆದುರು ಬಿಟ್ಟಿವೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಶಾಲೆ ತಪ್ಪಿಸಿಕೊಂಡು ತಿರುಗುತ್ತಿದ್ದ ಹುಡುಗ ಉಪಪ್ರಾಂಶುಪಾಲರು ಹಿಂದಿನಿಂದ ಬಂದದ್ದು ತಿಳಿದು ಓಟ ಕಿತ್ತದ್ದು, ಅವರು ಶಿಕ್ಷೆ ಕೊಟ್ಟು ಜತೆಗೇ ಫುಟ್‌ಬಾಲ್ ಕೋಚ್‌ಗೆ ‘ಈ ಹುಡುಗ ಓಡ್ತಾನೆ’ ಎಂದು ಸುದ್ದಿ ಮುಟ್ಟಿಸಿದ್ದು: ಈ ಪ್ರಸಂಗವನ್ನು ನೀವು ಚೆನ್ನಾಗಿ ಬರೆದಿದ್ದೀರಿ. ಲೇಖನದಲ್ಲಿ ನೀವು ಉಸಿರಾಡಿರುವ ಜಾಗ ಅದೊಂದೇ. ಅಲ್ಲಿ ವಾಕ್ಯಗಳು ಚಿಕ್ಕವು, ವಿಶೇಷಣ ಒಂದೂ ಇಲ್ಲ. ಉಳಿದದ್ದನ್ನೂ ಆ ಕೈಯಲ್ಲೇ ಬರೆಯಿರಿ.

ಕಾಲೇಜಿನ ಭಾಗ ಎರಡೇ ಸಾಲಿನಲ್ಲಿ ಮುಗಿದಿದೆ, ಬೆಳೆಸಿ. ಕ್ರೀಡೆಗೆ ಹೆಸರಾದ ದೊಡ್ಡ ವಿಶ್ವವಿದ್ಯಾಲಯಗಳು ಯಾವುವೂ ವಿದ್ಯಾರ್ಥಿವೇತನ ಕೊಟ್ಟು ಕರೆಯಲಿಲ್ಲ. ಇಟ್ಟಾ ಬೆನಾದ ಮಿಸಿಸಿಪಿ ವ್ಯಾಲಿ ಸ್ಟೇಟ್, ಚಾರಿತ್ರಿಕವಾಗಿ ಕಪ್ಪು ಜನರ ಚಿಕ್ಕ ವಿಶ್ವವಿದ್ಯಾಲಯ, ಜಾಗ ಕೊಟ್ಟಿತು. ಅಲ್ಲಿನ ಕೋಚ್ ಆರ್ಚಿ ಕೂಲಿ ಉಳಿದವರು ಧೈರ್ಯ ಮಾಡದಷ್ಟು ಎಸೆತಗಳ ಆಟ ಆಡಿಸಿದರು, ವಿಲ್ಲಿ ಟಾಟನ್ ಎಸೆದರು, ರೈಸ್ ಹಿಡಿದರು. ಇಂದು ಅಲ್ಲಿನ ಕ್ರೀಡಾಂಗಣಕ್ಕೆ ರೈಸ್–ಟಾಟನ್ ಎಂದೇ ಹೆಸರು. ಅದೇ ರಾಜ್ಯದ, ಅಂಥದ್ದೇ ಕಾಲೇಜು ಜಾಕ್ಸನ್ ಸ್ಟೇಟ್‌ನಿಂದ ಬಂದ ವಾಲ್ಟರ್ ಪೇಟನ್ ಆ ಹೊತ್ತಿಗಾಗಲೇ ಲೀಗ್‌ನ ದೊಡ್ಡ ಹೆಸರಾಗಿದ್ದರು. ಇಂಥ ಕಾಲೇಜುಗಳು ಏಕಿದ್ದವು, ಅಷ್ಟೊಂದು ಪ್ರತಿಭೆ ಅಲ್ಲೇ ಏಕೆ ಉಳಿಯುತ್ತಿತ್ತು ಎಂಬುದಕ್ಕೆ ದಕ್ಷಿಣದ ರಾಜ್ಯಗಳ ವರ್ಣಭೇದದ ಚರಿತ್ರೆಯಿಂದ ಒಂದು ಪ್ಯಾರಾ ಬೇಕೇ ಬೇಕು. ಅದಿಲ್ಲದೆ ‘ಬಡತನವನ್ನು ಮೆಟ್ಟಿ ನಿಂತ’ ಎಂದರೆ ಆ ಮಾತಿಗೆ ನೆಲವೇ ಇರುವುದಿಲ್ಲ.

‘ಅದೃಷ್ಟ ಕೈಹಿಡಿದು 49ಅರ್ಸ್‌ಗೆ ಸೇರಿದರು’ ಎಂದಿದ್ದೀರಿ. ಕೈಹಿಡಿದದ್ದು ವಾಲ್ಷ್ ಅವರ ಕಣ್ಣು. ಹೋಟೆಲ್ ಕೋಣೆಯ ಟಿವಿಯಲ್ಲಿ ಈ ಹುಡುಗನ ಆಟದ ತುಣುಕು ನೋಡಿದವರು ಅವರು. ಹಿಂದಿನ ಸೀಸನ್‌ನ ಚಾಂಪಿಯನ್ನರಾದ್ದರಿಂದ 1985ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 49ಅರ್ಸ್ ಸರದಿ ಸುತ್ತಿನ ಕೊನೆಯಲ್ಲಿತ್ತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಜತೆ ಆಯ್ಕೆಗಳನ್ನು ಅದಲುಬದಲು ಮಾಡಿಕೊಂಡು 16ನೆಯ ಸ್ಥಾನಕ್ಕೆ ಏರಿ ರೈಸ್‌ರನ್ನು ತೆಗೆದುಕೊಂಡರು. ಅದಕ್ಕೂ ಮುಂಚೆ ಆಲ್ ಟೂನ್, ಎಡ್ಡಿ ಬ್ರೌನ್ ಎಂಬ ಇಬ್ಬರು ರಿಸೀವರ್‌ಗಳು ಆಯ್ಕೆಯಾಗಿದ್ದರು.

ಈಗ ಕೈಬಿಟ್ಟ ಚೆಂಡುಗಳ ವಿಷಯ. ಮೊದಲ ವರ್ಷವನ್ನು ‘ಕೆಲವು ಆರಂಭಿಕ ಎಡರುತೊಡರುಗಳ ನಂತರ’ ಎಂದು ದಾಟಿಬಿಟ್ಟಿದ್ದೀರಿ. ನಿಮ್ಮ ಲೇಖನದ ಜೀವ ಅಲ್ಲಿದೆ, ದಯವಿಟ್ಟು ಅಲ್ಲಿ ನಿಲ್ಲಿ. ಚಿಕ್ಕ ಕಾಲೇಜಿನಿಂದ ಬಂದ ಹುಡುಗ, ಮೇಲಿನಿಂದ ಮೇಲೆ ಎಸೆತಗಳು ಕೈಜಾರುತ್ತಿವೆ, ತಂಡದ ಆಗಿನ ಮೈದಾನ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಸ್ವಂತ ಊರಿನ ಪ್ರೇಕ್ಷಕರೇ ‘ಬೂ’ ಎನ್ನುತ್ತಿದ್ದಾರೆ. ತಂಡದ ಆಟದ ಪುಸ್ತಕ ದಪ್ಪ. ಯಾವ ರೂಟ್, ಎಷ್ಟನೆಯ ಹೆಜ್ಜೆಗೆ ತಿರುವು ಎಂದು ಯೋಚಿಸುತ್ತಾ ಓಡಿದರೆ ಕಣ್ಣು ಚೆಂಡಿನ ಮೇಲೆ ಉಳಿಯುವುದಿಲ್ಲ. ಡಿಸೆಂಬರ್‌ನ ಒಂದು ಸೋಮವಾರ ರಾತ್ರಿ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ಹತ್ತು ಕ್ಯಾಚ್, 241 ಗಜ. ಆ ಪಂದ್ಯವನ್ನು ತಂಡ ಸೋತಿತು, ಆದರೆ ಮುಂದಿನ ವರ್ಷ ರೈಸ್ ಗಳಿಸಿದ್ದು 1,570 ಗಜ. 1987ರಲ್ಲಿ ಮುಷ್ಕರದಿಂದಾಗಿ ಆಡಲು ಸಿಕ್ಕ ಹನ್ನೆರಡೇ ಪಂದ್ಯಗಳಲ್ಲಿ 22 ಟಚ್‌ಡೌನ್ ಕ್ಯಾಚ್.

ಈ ನಡುವೆ ಏನಾಯಿತು ಎಂಬುದನ್ನು ನೀವು ಬರೆಯಬೇಕು. ರೈಸ್ ಅಭ್ಯಾಸದಲ್ಲೂ ಪ್ರತಿ ಕ್ಯಾಚ್ ಹಿಡಿದ ಮೇಲೆ ಗೋಲಿನ ಗೆರೆಯವರೆಗೂ ಓಡುತ್ತಿದ್ದರು. ಸೀಸನ್ ಮುಗಿದ ಮೇಲೆ ಸಹ ಆಟಗಾರ ರೋಜರ್ ಕ್ರೇಗ್ ಜತೆ ಸ್ಯಾನ್ ಕಾರ್ಲೋಸ್ ಕಡೆಯ ಎಜ್‌ವುಡ್ ಪಾರ್ಕ್‌ನ ಗುಡ್ಡ ಹತ್ತಿ ಓಡುತ್ತಿದ್ದರು, ಸುಮಾರು ಎರಡೂವರೆ ಮೈಲಿ ಏರು. ಆ ಗುಡ್ಡ ನಿಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ಇರಬಹುದು. ಒಂದು ಬೆಳಿಗ್ಗೆ ಹೋಗಿ ಹತ್ತಿ. ನಿಮ್ಮ ಉಸಿರು ಎಲ್ಲಿ ಕಟ್ಟಿತು, ದಾರಿ ಎಲ್ಲಿ ಕಡಿದಾಯಿತು, ಮಣ್ಣು ಹೇಗಿದೆ ಎಂದು ಬರೆದುಕೊಳ್ಳಿ. ಬೆಂಗಳೂರಿನಲ್ಲಿ ಕೂತು ಅಂತರ್ಜಾಲ ನೋಡಿ ಬರೆಯುವವರಿಗೆ ಇಲ್ಲದ ಅನುಕೂಲ ನಿಮಗಿದೆ, ಲೇಖನದಲ್ಲಿ ಅದರ ಗುರುತೇ ಇಲ್ಲ ಎಂಬುದು ನನ್ನ ದೊಡ್ಡ ತಕರಾರು.

ಭಯದ ಬಗ್ಗೆಯೂ ಬರೆಯಿರಿ. 2010ರಲ್ಲಿ ಕ್ಯಾಂಟನ್ ಊರಿನ, ಫುಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿದಾಗ ಮಾಡಿದ ಭಾಷಣದಲ್ಲಿ ರೈಸ್ ತಮ್ಮನ್ನು ಬದುಕಿಡೀ ಓಡಿಸಿದ್ದು ಸೋಲಿನ ಭಯ ಎಂದರು. ಆಟವನ್ನು ನಿಂತು ಅನುಭವಿಸಲಿಲ್ಲ ಎಂಬ ಕೊರಗನ್ನೂ ಹೇಳಿಕೊಂಡರು. ನೀವು ಆ ಭಾಷಣದಿಂದ ಕೃತಜ್ಞತೆಯ ಮಾತುಗಳನ್ನಷ್ಟೇ ಆರಿಸಿಕೊಂಡಿದ್ದೀರಿ. ಎಲ್ಲ ದಾಖಲೆಗಳನ್ನೂ ಮುರಿದವನೊಬ್ಬ ಹೆದರಿಕೊಂಡೇ ಇಪ್ಪತ್ತು ವರ್ಷ ಆಡಿದ ಎಂಬುದಕ್ಕಿಂತ ದೊಡ್ಡ ಸಂಗತಿ ನಿಮ್ಮ ಕೈಯಲ್ಲಿ ಬೇರೆ ಇಲ್ಲ. ಕೈಜಾರಿದ ಚೆಂಡು, ಗುಡ್ಡ, ಅಭ್ಯಾಸದ ಓಟ ಎಲ್ಲಕ್ಕೂ ಅದೇ ಎಳೆ.

1997ರ ಗಾಯವನ್ನು ‘ಛಲದ ಪುನರಾಗಮನ’ ಎಂದು ಕರೆದಿದ್ದೀರಿ. ಮೊದಲ ಪಂದ್ಯದಲ್ಲೇ ಎಡ ಮೊಣಕಾಲಿನ ಅಸ್ಥಿಬಂಧ ಹರಿಯಿತು. ಡಿಸೆಂಬರ್ 15ಕ್ಕೆ, ತಂಡದ ಹಳೆಯ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅವರ 16ನೆಯ ನಂಬರಿನ ಜೆರ್ಸಿಗೆ ನಿವೃತ್ತಿಯ ಗೌರವ ಕೊಟ್ಟ ರಾತ್ರಿ, ವಾಪಸ್ ಬಂದರು. ಒಂದು ಟಚ್‌ಡೌನ್ ಹಿಡಿದು ಬಿದ್ದಾಗ ಅದೇ ಮೊಣಕಾಲಿನ ಚಿಪ್ಪು ಒಡೆಯಿತು. ಇಂಥ ಗಾಯಕ್ಕೆ ಅದು ತೀರಾ ಬೇಗ. ಅದರಲ್ಲಿ ಛಲ ಇದೆ, ಅವಸರವೂ ಇದೆ. ಎರಡನ್ನೂ ಬರೆಯಿರಿ, ಹೊಗಳಿಕೆ ತಾನಾಗಿ ಕಡಿಮೆಯಾಗುತ್ತದೆ. ಆಮೇಲೆ ಓಕ್‌ಲ್ಯಾಂಡ್ ರೇಡರ್ಸ್ ತಂಡದ ಪರ ಆಡುತ್ತಾ ನಲವತ್ತನೆಯ ವಯಸ್ಸಿಗೆ ಬಂದ ವರ್ಷ, 2002ರಲ್ಲಿ, 1,211 ಗಜ ಗಳಿಸಿದ್ದನ್ನು ಇದರ ಪಕ್ಕದಲ್ಲಿಡಿ. ಸಿಯಾಟಲ್, ಆಮೇಲೆ ಡೆನ್ವರ್‌ನ ತರಬೇತಿ ಶಿಬಿರ, 2005ರ ನಿವೃತ್ತಿ ಒಂದೆರಡು ಸಾಲಿನಲ್ಲಿ ಸಾಕು.

ಮತ್ತೊಂದು ಸಂಗತಿ ನಿಮಗೆ ಗೊತ್ತಿದ್ದೂ ಬಿಟ್ಟಿದ್ದೀರಿ ಎಂದು ಅನುಮಾನ. ಕೈಗವಸಿಗೆ ‘ಸ್ಟಿಕಮ್’ ಎಂಬ ಅಂಟು ಸಿಂಪಡಿಸಿಕೊಳ್ಳುತ್ತಿದ್ದುದಾಗಿ ರೈಸ್ ಹೇಳಿದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಲೀಗ್ ಅದನ್ನು ನಿಷೇಧಿಸಿದ್ದು 1981ರಲ್ಲಿ, ಅವರು ಬರುವ ಮೊದಲೇ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದು ಆಮೇಲೆ ಸಮಜಾಯಿಷಿ ಕೊಟ್ಟರು, ಅದನ್ನು ಒಪ್ಪದ ಹಳೆಯ ಆಟಗಾರರೂ ಇದ್ದರು. ಅಂಟು ಕೈಗೆ ನೆರವಾಗಬಹುದು, ಮೂರನೆಯ ಹೆಜ್ಜೆಯ ತಿರುವಿಗೆ ಅಲ್ಲ. ನನ್ನ ಲೆಕ್ಕದಲ್ಲಿ ಅವರ ಸಾಧನೆ ಇದರಿಂದ ಉರುಳುವುದಿಲ್ಲ. ನಿಮ್ಮ ಲೆಕ್ಕ ಏನು? ಅದನ್ನು ಹೇಳಿ. ಮುಚ್ಚಿಟ್ಟರೆ ಲೇಖನದ ಉಳಿದ ಮಾತುಗಳ ಮೇಲೂ ನಂಬಿಕೆ ಹೋಗುತ್ತದೆ.

ಕೆಲವು ತಪ್ಪುಗಳು. ರೈಸ್ ಗೆದ್ದ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ನಾಲ್ಕಲ್ಲ, ಮೂರು. ರೇಡರ್ಸ್ ಪರ ಆಡಿದ ನಾಲ್ಕನೆಯದು ಸೋತದ್ದು. 1989ರ ಜನವರಿಯಲ್ಲಿ ಮಯಾಮಿಯಲ್ಲಿ ಸಿನ್ಸಿನಾಟಿ ವಿರುದ್ಧದ ಫೈನಲ್‌ನಲ್ಲಿ ‘ಕೊನೆಯ ಕ್ಷಣದ ಗೆಲುವಿನ ಟಚ್‌ಡೌನ್ ರೈಸ್ ಅವರದು’ ಎಂದಿದ್ದೀರಿ. ಅಲ್ಲ, ಅದು ಜಾನ್ ಟೇಲರ್ ಅವರದು, 34 ಸೆಕೆಂಡ್ ಉಳಿದಿದ್ದಾಗ. 16–13ರಿಂದ ಹಿಂದಿದ್ದ ತಂಡ ತನ್ನದೇ 8ನೆಯ ಗಜದ ಗೆರೆಯಿಂದ ಹೊರಟು 92 ಗಜ ದಾಟಿತು. ಆ ದಾರಿಯಲ್ಲಿ ದಂಡ ಬಿದ್ದು ಇಪ್ಪತ್ತು ಗಜ ಬೇಕಾಗಿದ್ದಾಗ ರೈಸ್ ಹಿಡಿದು ಓಡಿದ 27 ಗಜ ಇಲ್ಲದಿದ್ದರೆ ಟೇಲರ್‌ಗೆ ಆ ಅವಕಾಶವೇ ಬರುತ್ತಿರಲಿಲ್ಲ. ಆ ದಿನ ಒಟ್ಟು 11 ಕ್ಯಾಚ್, 215 ಗಜ, ಪಂದ್ಯಶ್ರೇಷ್ಠ. ನಿಜ ಸಂಗತಿಯೇ ನಿಮ್ಮ ತಪ್ಪಿಗಿಂತ ರೋಚಕವಾಗಿದೆ.

ಹೊಸ ಕರಡು ಸಾವಿರದ ಐನೂರು ಪದ ಮೀರದಿರಲಿ. ಉಪಶೀರ್ಷಿಕೆಗಳು ಬೇಡ. ಸ್ಲ್ಯಾಂಟ್ ರೂಟ್ ಅನ್ನು ಕೈಯಲ್ಲೇ ಒಂದು ಹಾಳೆಯ ಮೇಲೆ ಗೆರೆ ಎಳೆದು, ಹೆಜ್ಜೆಗಳಿಗೆ ಗುರುತು ಹಾಕಿ, ಫೋಟೊ ತೆಗೆದು ಕಳಿಸಿ. ನಮ್ಮ ಕಲಾವಿದರು ಅದನ್ನು ಸರಿಪಡಿಸಿ ಲೇಖನದ ಜತೆ ಹಾಕುತ್ತಾರೆ.

ವಿಶ್ವಾಸದಿಂದ,
ಸಂಪಾದಕ